ಎಂಜಲಿನ ಅಚ್ಚು

ಜೈನ ಮನೆತನಗಳಲ್ಲಿ ಎಂಜಲಿನ ವಿಚಾರ ಬಹು ಸೂಕ್ಷ್ಮವಾದುದು. ಒಬ್ಬರು ಕುಡಿದ ಲೋಟವನ್ನು ತೊಳೆಯದೆ ಇನ್ನೊಬ್ಬರು ಮುಟ್ಟುವುದಿಲ್ಲ. ಎಂಜಲು ಲೋಟವನ್ನು ತಿಳಿಯದೆ ಕೊಡಕ್ಕೆ ಅದ್ದಿದರೆ ಆ ಕೊಡದ ನೀರನ್ನು ಅಡುಗೆಗೆ ಬಳಸುವುದಿಲ್ಲ. ಇದನ್ನು ಬರಿಯ ಮಡಿಯೆಂದು ನಗುವ ಕಿರಿಯರಿಗೆ ಹಿರಿಯರು ಕೊಡುತ್ತಿದ್ದ ಉತ್ತರ ಸರಳವಾದುದು: ಬಾಯಿಯ ದ್ರವ ಬಿದ್ದಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆ, ಅವುಗಳ ಹುಟ್ಟಿಗೂ ಸಾವಿಗೂ ಕಾರಣರಾಗಬಾರದು. ಇಷ್ಟು ಎಚ್ಚರದಿಂದ ಬದುಕಿದ ಹಿರಿಯರು ಮುಪ್ಪಿನಲ್ಲಿ ಹಲ್ಲು ಕಟ್ಟಿಸಿಕೊಳ್ಳಲು ದವಾಖಾನೆಗೆ ಹೋಗುತ್ತಾರೆ. ಅಲ್ಲಿ ಅವರ ಬಾಯಿಯಿಂದ ಹೊರಬಂದ ಒಂದು ವಸ್ತು, ಎಂಜಲನ್ನು ಹೊತ್ತುಕೊಂಡೇ, ಅವರು ಕಂಡರಿಯದ ಕೈಗಳಿಗೆ ಹೋಗುತ್ತದೆ. ಅದು ಹಲ್ಲಿನ ಅಳತೆಗಾಗಿ ತೆಗೆದ ಅಚ್ಚು. ಲೋಟದ ಬಗ್ಗೆ ಇರುವ ಎಚ್ಚರ ಈ ಅಚ್ಚಿನ ಬಗ್ಗೆ ಇರುವುದು ಅಪರೂಪ.

ಅಚ್ಚು ತೆಗೆಯುವ ಕ್ರಮ ಹೀಗಿದೆ. ಲೋಹದ ಅಥವಾ ಪ್ಲಾಸ್ಟಿಕ್ಕಿನ ಟ್ರೇಯಲ್ಲಿ ಮೆತ್ತನೆಯ ಪದಾರ್ಥವನ್ನು ತುಂಬಿ ದವಡೆಗೆ ಒತ್ತಿ ಹಿಡಿಯುತ್ತಾರೆ. ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾಗಿ, ವಸಡಿನ ಏರುತಗ್ಗುಗಳನ್ನೆಲ್ಲ ತನ್ನಲ್ಲಿ ಮೂಡಿಸಿಕೊಂಡು ಹೊರಬರುತ್ತದೆ. ಹಲ್ಲುಳ್ಳ ಬಾಯಿಗೆ ಹೆಚ್ಚಾಗಿ ಬಳಸುವುದು ಆಲ್ಜಿನೇಟ್. ಕಂದು ಬಣ್ಣದ ಕಡಲ ಪಾಚಿಯ ಸಾರದಿಂದ ಮಾಡಿದ ಈ ಪುಡಿ ನೀರು ಬೆರೆಸಿದಾಗ ಹಿಟ್ಟಿನಂತಾಗುತ್ತದೆ. ಹಲ್ಲೆಲ್ಲ ಉದುರಿದ ಬಾಯಿಯ ಮೊದಲ ಅಳತೆಗೆ ಕಂದುಗೆಂಪು ಬಣ್ಣದ ಕಾಂಪೌಂಡ್ ಬಿಲ್ಲೆಯನ್ನು ಬಳಸುವುದು ಹಳೆಯ ಪದ್ಧತಿ. ಅದು ಬಿಸಿನೀರಿನಲ್ಲಿ ಮೆದುವಾಗಿ, ಬಾಯಲ್ಲಿ ತಣಿದು ಗಟ್ಟಿಯಾಗುತ್ತದೆ; ಮತ್ತೆ ಬಿಸಿ ಮಾಡಿದರೆ ಮತ್ತೆ ಮೆದುವಾಗುತ್ತದೆ. ಮಿತವ್ಯಯಕ್ಕೆ ಅನುಕೂಲವೆಂದು ತೋರುವ ಈ ಗುಣವೇ ಅಪಾಯಕ್ಕೆ ಬಾಗಿಲು. ಒಬ್ಬರ ಬಾಯಿಂದ ಬಂದ ಬಿಲ್ಲೆಯನ್ನು ಮೆದುಗೊಳಿಸಿ ಮತ್ತೊಬ್ಬರ ಬಾಯಿಗೆ ಒತ್ತುವ ರೂಢಿ ಹಿಂದೆ ಇತ್ತು. ಬಿಲ್ಲೆಯನ್ನು ಮೆದುಗೊಳಿಸುವ ನೀರಿನ ಬಿಸಿ ಸುಮಾರು 55ರಿಂದ 60 ಡಿಗ್ರಿ ಮಾತ್ರ. ಅದು ಕುದಿಯುವ ನೀರಲ್ಲ. ಅದರಲ್ಲಿ ಅರೆಗಳಿಗೆ ಅದ್ದಿದ ಮಾತ್ರಕ್ಕೆ ಎಂಜಲು ಹೋಯಿತೆಂದು ನಂಬುವುದು ಹೇಗೆ?

ಪೂರ್ಣ ಹಲ್ಲಿನ ಸೆಟ್ಟು ಒಂದೇ ಭೇಟಿಯಲ್ಲಿ ಆಗುವ ಕೆಲಸವಲ್ಲ. ಸಾಮಾನ್ಯವಾಗಿ ಐದು ಸಲ ಹೋಗಬೇಕಾಗುತ್ತದೆ. ಮೊದಲ ಅಚ್ಚು ಲ್ಯಾಬಿಗೆ ಹೋಗಿ ಆ ಬಾಯಿಗೇ ಹೊಂದುವ ಟ್ರೇ ತಯಾರಾಗಿ ಬರುತ್ತದೆ. ಅದರಲ್ಲಿ ತೆಗೆದ ಎರಡನೆಯ ಅಚ್ಚು ಹೋಗಿ ಮೇಣದ ದಿಂಡುಗಳು ಬರುತ್ತವೆ. ಮೇಲಿನ ಕೆಳಗಿನ ದವಡೆಗಳು ಕೂಡುವ ಎತ್ತರವನ್ನು ಗುರುತಿಸಿಕೊಂಡು ಆ ದಿಂಡುಗಳು ಹೋಗಿ, ಮೇಣದಲ್ಲಿ ಕೂಡಿಸಿದ ಹಲ್ಲುಗಳು ಪರೀಕ್ಷೆಗಾಗಿ ಬರುತ್ತವೆ. ಅವು ಹೋಗಿ ಕೊನೆಗೆ ಸೆಟ್ಟು ಬರುತ್ತದೆ. ಹೀಗೆ ಬಾಯಿಯ ಒದ್ದೆಯನ್ನು ಕಂಡ ವಸ್ತು ನಾಲ್ಕು ಬಾರಿ ಲ್ಯಾಬಿಗೆ ಹೋಗುತ್ತದೆ, ಲ್ಯಾಬಿನ ಧೂಳನ್ನು ಕಂಡ ವಸ್ತು ನಾಲ್ಕು ಬಾರಿ ಬಾಯಿಗೆ ಬರುತ್ತದೆ. ಆ ಕಡೆಯ ತುದಿಯಲ್ಲಿ ಒಬ್ಬ ಟೆಕ್ನಿಷಿಯನ್ ಕುಳಿತಿರುತ್ತಾನೆ. ಅಚ್ಚಿಗೆ ಪ್ಲಾಸ್ಟರು ಸುರಿಯುವವನು, ಪಡಿಯಚ್ಚನ್ನು ಕೆತ್ತುವವನು, ಸೆಟ್ಟಿಗೆ ಹೊಳಪು ಕೊಡುವವನು ಅವನೇ. ರೋಗಿಗೆ ಅವನ ಮುಖ ಗೊತ್ತಿಲ್ಲ. ಅವನಿಗೆ ರೋಗಿಯ ಕಾಯಿಲೆ ಗೊತ್ತಿಲ್ಲ.

ಈ ದಾರಿಯಲ್ಲಿ ಸಾಗುವ ಜೀವಾಣುಗಳು ಹಲವು. ಹೆಪಟೈಟಿಸ್ ಬಿ, ಕ್ಷಯ ಮೊದಲಾದವುಗಳ ಹೆಸರು ಎಲ್ಲರಿಗೂ ಗೊತ್ತು. ಅವುಗಳ ಸದ್ದಿನಲ್ಲಿ ಕೇಳಿಸದೆ ಹೋಗುವುದು ಒಂದು ಶಿಲೀಂಧ್ರ, ಕ್ಯಾಂಡಿಡಾ ಆಲ್ಬಿಕನ್ಸ್. ರೊಟ್ಟಿಯ ಮೇಲೆ ಏಳುವ ಬೂಷ್ಟಿನ ದೂರದ ಬಳಗದ್ದು. ಆರೋಗ್ಯವಂತರಾದ ಬಹಳ ಜನರ ಬಾಯಲ್ಲಿಯೂ ತೊಂದರೆ ಕೊಡದೆ ಇರುವಂಥದ್ದು. ಸಕ್ಕರೆ ಕಾಯಿಲೆ, ಒಣಗಿದ ಬಾಯಿ, ಹೆಚ್ಚು ದಿನ ತೆಗೆದುಕೊಂಡ ಆಂಟಿಬಯಾಟಿಕ್ ಮಾತ್ರೆ, ಕ್ಯಾನ್ಸರಿನ ಚಿಕಿತ್ಸೆ, ಉಬ್ಬಸಕ್ಕೆ ಸೇದುವ ಸ್ಟೀರಾಯ್ಡ್, ಸಡಿಲವಾಗಿ ತಿಕ್ಕುವ ಸೆಟ್ಟು, ಇವುಗಳಲ್ಲಿ ಒಂದೆರಡು ಕೂಡಿದರೆ ಸಾಕು, ಅದು ಬಲಗೊಳ್ಳುತ್ತದೆ. ಮೇಲಿನ ಸೆಟ್ಟಿನ ಅಡಿಯಲ್ಲಿ ಅಂಗುಳು ಕೆಂಪೇರುತ್ತದೆ, ತುಟಿಯ ಮೂಲೆ ಒಡೆಯುತ್ತದೆ, ಖಾರ ತಾಗಿದರೆ ಉರಿಯುತ್ತದೆ. ಎಷ್ಟೋ ಹಿರಿಯರು ಇದನ್ನು ಮುಪ್ಪಿನ ಸಹಜ ಸ್ಥಿತಿಯೆಂದು ಸಹಿಸಿಕೊಂಡು, ಜೋಳದ ರೊಟ್ಟಿಯನ್ನು ಬಿಟ್ಟು ಮೆತ್ತನೆಯ ಅನ್ನಕ್ಕೆ ಇಳಿಯುತ್ತಾರೆ. ಕ್ಯಾಂಡಿಡಾ ಎಂಬ ಹೆಸರನ್ನು 1923ರಲ್ಲಿ ಕೊಟ್ಟವರು ಡಚ್ ವಿಜ್ಞಾನಿ ಕ್ರಿಸ್ಟೀನ್ ಬರ್ಖೌಟ್. ಲ್ಯಾಟಿನ್ನಿನಲ್ಲಿ ಅದರ ಅರ್ಥ ಬಿಳುಪು. ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ಮಹಾವಿದ್ಯಾಲಯದ ನೆಲೆಯ ಹೆಸರು ಧವಳನಗರ. ಹಲ್ಲಿಗೂ ಒಪ್ಪುವ, ಮೂಡುಬಿದಿರೆಯ ತಾಳೆಗರಿಗಳನ್ನು ಬಲ್ಲವರ ಕಿವಿಗೂ ಇಂಪಾದ ಆ ಮಾತಿನ ಅರ್ಥವನ್ನು ಈ ಶಿಲೀಂಧ್ರವೂ ಹೊತ್ತಿರುವುದು ಕಾಕತಾಳೀಯ.

ಧಾರವಾಡದ ಪಶ್ಚಿಮಕ್ಕೆ, ಅಳ್ನಾವರದ ಕಡೆ ಸಾಗುವ ರೈಲು ಹಳಿಯ ಮೇಲೆ ಮುಗದ ಇದೆ. ದೊಡ್ಡ ಕೆರೆಯ ಊರು, ಭತ್ತದ ಊರು. ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಿಂದ ಹೊರಟ ‘ಮುಗದ ಸುಗಂಧ’ ಅಕ್ಕಿಯಿಂದ ಹೆಸರಾದ ಊರು. ಜೈನರಿಗೆ ಈ ಊರು ಬೇರೆ ಕಾರಣಕ್ಕೂ ಸ್ಮರಣೀಯ. ಕ್ರಿ.ಶ. 1045ರ ಇಲ್ಲಿಯ ಶಾಸನ ಯಾಪನೀಯ ಸಂಘದ ಕುಮುದಿ ಗಣದ ಆಚಾರ್ಯರನ್ನು ಸ್ಮರಿಸುತ್ತದೆ. ಕನ್ನಡ ನಾಡಿನ ಬಸದಿಗಳಿಗೆ ದತ್ತಿ ಬಿಟ್ಟವರು ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಇಂದು ಬಸದಿಯ ಟ್ರಸ್ಟುಗಳು ನಡೆಸುವ ಉಚಿತ ದಂತ ಶಿಬಿರಗಳು ಭೈಷಜ್ಯದಾನದ ಹೊಸ ರೂಪ. ಆದರೆ ಔಷಧವನ್ನು ಕೊಡುವ ಕೈಯೇ ರೋಗವನ್ನೂ ದಾಟಿಸದಂತೆ ಕಾಯುವುದು ಅಭಯದಾನಕ್ಕೆ ಸೇರಿದ್ದು. ಎರಡನೆಯದಿಲ್ಲದೆ ಮೊದಲನೆಯದು ಅರೆಯಾದ ದಾನ.

ಮುಗದದ ಹಿರಿಯ ಶ್ರಾವಕಿಯೊಬ್ಬರು ಧಾರವಾಡದ ಒಂದು ದವಾಖಾನೆಗೆ ಹಲ್ಲಿನ ಅಳತೆ ಕೊಡಲು ಹೋದಾಗ ಈ ಮಾತು ತನ್ನಷ್ಟಕ್ಕೆ ತಾನೇ ಎದ್ದಿತು. ಎಪ್ಪತ್ತು ದಾಟಿದ ವಯಸ್ಸು, ಹತ್ತು ವರ್ಷಗಳ ಸಕ್ಕರೆ ಕಾಯಿಲೆ, ರಾತ್ರಿಭೋಜನ ತ್ಯಾಗದ ನಿಯಮ. ಬಿಲ್ಲೆ ಬಿಸಿನೀರಿನಲ್ಲಿ ಮೆದುವಾಗುತ್ತಿರುವುದನ್ನು ಕಂಡು ಅವರು ಬಾಯಿ ತೆರೆಯುವ ಮೊದಲೇ ಕೇಳಿದರು:

“ಡಾಕ್ಟರ್ರ, ಸಿಟ್ಟಾಗಬ್ಯಾಡ್ರಿ. ಇದು ಹೊಸಾದೈತೋ, ಬ್ಯಾರೇದವರ ಬಾಯಾಗ ಹೋಗಿ ಬಂದದ್ದೈತೋ?”

“ಹೊಸಾದರೀ ಅಜ್ಜಿ. ನಿಮ್ಮ ಮುಂದನ ಪಾಕೀಟ ಒಡದೀನಿ. ನಿಮ್ಮದಾದ ಮ್ಯಾಲೆ ಇದನ್ನ ಮತ್ತೊಬ್ಬರಿಗೆ ಹಚ್ಚಂಗಿಲ್ಲ.”

ಅಳತೆ ಮುಗಿಯಿತು. ಅಜ್ಜಿ ಬಾಯಿ ಮುಕ್ಕಳಿಸಿ ಸೆರಗಿನಿಂದ ತುಟಿ ಒರೆಸಿಕೊಂಡರು. ಎದ್ದು ಹೋಗಲಿಲ್ಲ.

“ಇದು ಈಗ ಎಲ್ಲಿ ಹೊಕ್ಕೈತ್ರಿ?”

“ಹುಬ್ಬಳ್ಳಿ ಲ್ಯಾಬಿಗೆ.”

“ನನ್ನ ಎಂಜಲಾ ಮುಟ್ಟೋ ಆ ಹುಡುಗಗ ಏನೂ ಆಗಂಗಿಲ್ಲಲ್ಲಾ?”

ಮೊದಲನೆಯ ಪ್ರಶ್ನೆಯನ್ನು ಎಚ್ಚರವುಳ್ಳ ಯಾರಾದರೂ ಕೇಳಬಹುದು. ಅದು ತನ್ನ ರಕ್ಷಣೆಯದು. ಎರಡನೆಯದು ಹಾಗಲ್ಲ. ವೈದ್ಯರು ಅಜ್ಜಿಯನ್ನು ಒಳಗಿನ ಕಟ್ಟೆಯ ಬಳಿಗೆ ಕರೆದೊಯ್ದು ತೋರಿಸಿದರು: ಹರಿಯುವ ನೀರಿನ ನಲ್ಲಿ, ಮುಚ್ಚಳವುಳ್ಳ ಡಬ್ಬಿ, ಪಕ್ಕದಲ್ಲಿ ಹತ್ತು ನಿಮಿಷಕ್ಕೆ ಗಂಟೆ ಬಾರಿಸುವ ಗಡಿಯಾರ.

ಆ ಹತ್ತು ನಿಮಿಷಗಳ ಕೆಲಸ ಇಷ್ಟು. ಬಾಯಿಯಿಂದ ತೆಗೆದ ಕೂಡಲೇ ಅಚ್ಚನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು. ಜೊಲ್ಲು, ರಕ್ತದ ಎಳೆ ಉಳಿದರೆ ಅವು ಹೊದಿಕೆಯಂತೆ ನಿಂತು ಔಷಧವನ್ನು ಒಳಗೆ ಬಿಡುವುದಿಲ್ಲ. ಬರಿಯ ನೀರು ಜೀವಾಣುಗಳ ಸಂಖ್ಯೆಯನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆದ್ದರಿಂದ ತೊಳೆದ ಮೇಲೆ ಸೋಂಕುನಿವಾರಕ ದ್ರವದಲ್ಲಿ ಮುಳುಗಿಸಬೇಕು, ಇಲ್ಲವೆ ಎಲ್ಲ ಬದಿಗೂ ಸಿಂಪಡಿಸಿ ಮುಚ್ಚಿಡಬೇಕು. ಹೆಚ್ಚು ರೂಢಿಯಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಟ್ಟೆ ಬಿಳುಪು ಮಾಡುವ ದ್ರವದ ಕುಲದ್ದೇ. ಶೇಕಡಾ ಅರ್ಧದಿಂದ ಒಂದರ ಪ್ರಮಾಣದ್ದು. ಅಯೋಡಿನ್ ಆಧಾರದ ದ್ರವಗಳನ್ನೂ ಗ್ಲುಟರಾಲ್ಡಿಹೈಡನ್ನೂ ಬಳಸುವುದುಂಟು. ಕೊನೆಯದರ ಆವಿ ಕಣ್ಣು ಮೂಗುಗಳಿಗೆ ಒಳ್ಳೆಯದಲ್ಲ. ಯಾವ ಪದಾರ್ಥಕ್ಕೆ ಯಾವ ದ್ರವವೆಂಬುದನ್ನು ತಯಾರಕರ ಸೂಚನೆ ನೋಡಿ ನಿರ್ಧರಿಸಬೇಕು. ಆಲ್ಜಿನೇಟಿನ ವಿಷಯದಲ್ಲಿ ಕಾಲದ ಮಿತಿ ಎರಡು ಕಡೆಗೂ ಉಂಟು. ಅದು ನೀರಿನಲ್ಲಿ ಹೆಚ್ಚು ಹೊತ್ತು ಇದ್ದರೆ ಉಬ್ಬುತ್ತದೆ, ಗಾಳಿಯಲ್ಲಿ ಬಿಟ್ಟರೆ ಸೊರಗುತ್ತದೆ. ಎರಡರಲ್ಲಿಯೂ ಅಳತೆ ಕೆಡುತ್ತದೆ. ಹತ್ತು ನಿಮಿಷ ಸಾಕು, ಅರ್ಧ ತಾಸು ಅತಿಯಾಯಿತು. ಆಮೇಲೆ ಮತ್ತೆ ತೊಳೆದು, ನೀರನ್ನು ಜಾಡಿಸಿ, ತಡಮಾಡದೆ ಪ್ಲಾಸ್ಟರು ಸುರಿಯಬೇಕು. ಲ್ಯಾಬಿಗೆ ಕಳಿಸುವುದಾದರೆ ಚೀಲದ ಮೇಲೆ ಯಾವ ದ್ರವದಲ್ಲಿ ಎಷ್ಟು ಹೊತ್ತು ಇಟ್ಟಿತ್ತೆಂದು ಬರೆಯಬೇಕು. ಬರೆಯದಿದ್ದರೆ ಲ್ಯಾಬಿನವರು ಎರಡನೆಯ ಬಾರಿ ನೆನೆಸಿ ಅಚ್ಚನ್ನು ಕೆಡಿಸಬಹುದು. ಇಲ್ಲವೆ ದವಾಖಾನೆಯಲ್ಲಿ ಆಗಿರಬಹುದೆಂದು ಇವರು, ಲ್ಯಾಬಿನಲ್ಲಿ ಆಗಬಹುದೆಂದು ಅವರು, ಇಬ್ಬರೂ ಬಿಡಬಹುದು. ಎರಡನೆಯದೇ ಹೆಚ್ಚು ಭಯಪಡಬೇಕಾದದ್ದು.

ಸೋಂಕುನಿವಾರಕಗಳ ಶಕ್ತಿಯನ್ನು ಅಳೆಯುವಾಗ ಕ್ಷಯದ ಜೀವಾಣುವನ್ನು ಒರೆಗಲ್ಲಾಗಿ ಇಡುತ್ತಾರೆ. ಅದನ್ನು ಅಳಿಸಬಲ್ಲ ದ್ರವಕ್ಕೆ ಕ್ಯಾಂಡಿಡಾ ಕಷ್ಟದ ಕೆಲಸವಲ್ಲ. ಆದುದರಿಂದ ಶಿಲೀಂಧ್ರಕ್ಕೆಂದು ಬೇರೆ ಏರ್ಪಾಡು ಬೇಕಿಲ್ಲ. ಇರುವ ಏರ್ಪಾಡನ್ನು ಬಿಡದೆ ಮಾಡಿದರಾಯಿತು. ಬಿಟ್ಟರೆ ಏನಾಗುತ್ತದೆಂಬುದಕ್ಕೂ ಆಧಾರಗಳಿವೆ. ತೊಳೆಯದ ಅಚ್ಚಿನಿಂದ ಜೀವಾಣುಗಳು ಪ್ಲಾಸ್ಟರಿನ ಪಡಿಯಚ್ಚಿಗೂ ದಾಟುತ್ತವೆಂದು 1983ರಷ್ಟು ಹಿಂದೆಯೇ ಪರೀಕ್ಷಿಸಿ ತೋರಿಸಿದ್ದರು. ಸೆಟ್ಟಿಗೆ ಹೊಳಪು ಕೊಡುವ ಚಕ್ರದ ಬಳಿ ಒದ್ದೆಯಾಗಿ ಇಟ್ಟಿರುವ ಪ್ಯೂಮಿಸ್ ಪುಡಿ ಇನ್ನೊಂದು ತಾಣ. ದಿನವೂ ಬದಲಿಸದಿದ್ದರೆ ಹತ್ತು ಬಾಯಿಗಳ ಎಂಜಲು ಅಲ್ಲಿ ಸೇರುತ್ತದೆ, ಚಕ್ರ ತಿರುಗಿದಾಗ ಗಾಳಿಗೂ ಹಾರುತ್ತದೆ. ಹೆಪಟೈಟಿಸ್ ಮತ್ತು ಏಡ್ಸ್‌ಗಳ ಭೀತಿ ಹರಡಿದ ಮೇಲೆ, 1986ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ದಂತ ಚಿಕಿತ್ಸೆಗೆಂದೇ ಸೂಚನೆಗಳನ್ನು ಹೊರಡಿಸಿತು. 2003ರಲ್ಲಿ ಅವನ್ನು ವಿಸ್ತರಿಸಿತು. ಸತ್ತೂರಿನ ಮಹಾವಿದ್ಯಾಲಯ ಆರಂಭವಾದದ್ದೂ ಅದೇ 1986ರಲ್ಲಿ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಶಿಲೀಂಧ್ರವೂ ಜೀವವೇ ಅಲ್ಲವೆ? ಆಗಮದ ವಿಂಗಡಣೆಯಲ್ಲಿ ಬೂಷ್ಟು ಸಾಧಾರಣ ವನಸ್ಪತಿಕಾಯಕ್ಕೆ ಸೇರಿದ್ದು, ಒಂದು ಶರೀರದಲ್ಲಿ ಅನಂತ ಜೀವಿಗಳು. ಅದನ್ನು ದ್ರವದಲ್ಲಿ ಮುಳುಗಿಸಿ ಕೊಲ್ಲುವುದನ್ನು ಧರ್ಮವೆನ್ನಬಹುದೆ? ಪ್ರಶ್ನೆ ಹಗುರವಾದುದಲ್ಲ, ಕೇಳಿದವರನ್ನು ಮೂಢರೆನ್ನುವುದು ಸುಲಭವಾದರೂ ಉಚಿತವಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯವೆಂದೂ, ಅಡುಗೆ, ಕೃಷಿ, ವೃತ್ತಿಗಳಲ್ಲಿ ತಪ್ಪದ ಸ್ಥಾವರ ಹಿಂಸೆಯನ್ನು ಆದಷ್ಟು ಕುಗ್ಗಿಸಬೇಕೆಂದೂ ಆಚಾರ್ಯರು ವಿಂಗಡಿಸಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಅಚ್ಚನ್ನು ತೊಳೆಯದೆ ಮೇಜಿನ ಮೇಲೆ ಬಿಟ್ಟವನು ಏನನ್ನೂ ಕೊಂದಿಲ್ಲವೆಂದು ಹೇಳಿಕೊಳ್ಳಬಹುದು. ಆದರೆ ತೇವದಲ್ಲಿ ಬಿಟ್ಟಷ್ಟೂ ಹೊತ್ತು ಅವನ ಅಲಕ್ಷ್ಯದಿಂದ ಜೀವಿಗಳು ಹೆಚ್ಚುತ್ತವೆ. ಮುಂದೆ ಯಾರದೋ ಬಾಯಿ ಹುಣ್ಣಾದಾಗ ಅವನ್ನೆಲ್ಲ ಮದ್ದಿನಿಂದ ಅಳಿಸಬೇಕಾಗುತ್ತದೆ. ಮೊದಲ ನಿಮಿಷದಲ್ಲಿಯೇ ಹರಿಯುವ ನೀರಿನಲ್ಲಿ ತೊಳೆದವನ ಕೈಯಿಂದ ಸಾಯುವವು ಕಡಿಮೆ. ಹಪ್ಪಳ ಉಪ್ಪಿನಕಾಯಿಗಳನ್ನು ಬೂಷ್ಟು ಬರುವ ಮೊದಲೇ ಬಿಸಿಲಿಗೆ ಹಾಕುವ ಗೃಹಿಣಿಗೆ ಈ ತರ್ಕ ಹೊಸದೇನಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣವೆಂಬುದೊಂದು, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆಯುವುದು. ಅಚ್ಚನ್ನು ಎಲ್ಲಿ ಇಡಲಾಯಿತು, ಯಾವ ಕೈಗವಸಿನಿಂದ ಎತ್ತಲಾಯಿತು, ಅದೇ ಕೈಗವಸಿನಿಂದ ಫೋನು ಮುಟ್ಟಲಾಯಿತೆ ಎಂಬುದನ್ನು ನೋಡಿಕೊಳ್ಳುವ ವೈದ್ಯನು ತಿಳಿದೋ ತಿಳಿಯದೆಯೋ ಅದರ ಅಣುರೂಪವನ್ನು ಪಾಲಿಸುತ್ತಿರುತ್ತಾನೆ.

ಶಿಲೀಂಧ್ರವೆಂದ ಕೂಡಲೆ 2021ರ ನೆನಪು ಬಾರದಿರದು. ಕೋವಿಡಿನ ಎರಡನೆಯ ಅಲೆಯಲ್ಲಿ ‘ಕಪ್ಪು ಶಿಲೀಂಧ್ರ’ ಹರಡಿ, ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆ ಭಯದಿಂದ ರೋಗಿಗಳನ್ನು ದೂರವಿಟ್ಟದ್ದು ಅನ್ಯಾಯ. ಆದರೆ ಅದರಿಂದ ಬದುಕುಳಿದವರಲ್ಲಿ ಹಲವರು ಮೇಲಿನ ದವಡೆಯನ್ನೂ ಅಂಗುಳನ್ನೂ ಕಳೆದುಕೊಂಡರು. ಬಾಯಿಗೂ ಮೂಗಿಗೂ ನಡುವೆ ಉಳಿದ ತೂತನ್ನು ಮುಚ್ಚುವ ತಟ್ಟೆ ಕೂರಿಸದೆ ಅವರು ನುಂಗಲಾರರು, ಮಾತನಾಡಿದ್ದು ತಿಳಿಯದು. ಆ ತಟ್ಟೆಗೂ ಅಚ್ಚೇ ಬೇಕು. ಅವರಲ್ಲಿ ಬಹಳ ಜನ ಸಕ್ಕರೆ ಕಾಯಿಲೆಯವರು, ಅಂದರೆ ಕ್ಯಾಂಡಿಡಾಗೆ ಸುಲಭವಾಗಿ ಒಳಗಾಗುವವರು. ಒಂದು ಶಿಲೀಂಧ್ರದಿಂದ ಪಾರಾದವರ ಬಾಯಿಗೆ ಇನ್ನೊಂದನ್ನು ತಲುಪಿಸದಿರುವ ಹೊಣೆ ಆ ಡಬ್ಬಿ ಮತ್ತು ಗಡಿಯಾರಗಳ ಮೇಲಿದೆ.

ಚಿಕಿತ್ಸೆ ಇಲ್ಲವೆಂದಲ್ಲ. ಬಾಯಿಯ ಶಿಲೀಂಧ್ರಕ್ಕೆ ಇಂದಿಗೂ ಬಳಸುವ ನಿಸ್ಟಾಟಿನ್ ಎಂಬ ಮದ್ದನ್ನು 1950ರಲ್ಲಿ ಲೋಕಕ್ಕೆ ತಿಳಿಸಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಅದರಿಂದ ಬಂದ ಗೌರವಧನ ಒಂದು ಕೋಟಿ ಡಾಲರಿಗೂ ಮಿಕ್ಕಿತ್ತು. ಅದನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಅಪರಿಗ್ರಹದ ಉದಾಹರಣೆ ಹುಡುಕುವ ಉಪನ್ಯಾಸಕಾರರು ಈ ಇಬ್ಬರನ್ನು ನೆನೆಯಬಹುದು.

ಇನ್ನು ಶಿಬಿರಗಳ ಮಾತು. ಬಸದಿಯ ಮಂಟಪದಲ್ಲಿ ಶಾಮಿಯಾನ ಹಾಕಿ, ಊರ ಹಿರಿಯರನ್ನು ಕೂಡಿಸಿ, ಒಂದೇ ದಿನ ಐವತ್ತು ಜನರ ಅಳತೆ ತೆಗೆಸಿದೆವೆಂದು ವರದಿ ಬರೆಯುವುದು ಟ್ರಸ್ಟಿಗೆ ಹೆಮ್ಮೆಯ ಸಂಗತಿಯೇ. ಲೆಕ್ಕವನ್ನು ಸ್ವಲ್ಪ ಮುಂದುವರಿಸಬೇಕು. 50 ಜನರ ಮೇಲಿನ ಮತ್ತು ಕೆಳಗಿನ ದವಡೆ ಸೇರಿ 100 ಅಚ್ಚು. ಒಂದೇ ಡಬ್ಬಿಯಲ್ಲಿ ಒಂದೊಂದಾಗಿ ನೆನೆಸಿದರೆ 1000 ನಿಮಿಷ, ಅಂದರೆ 16 ತಾಸು ದಾಟುತ್ತದೆ. ಸಂಜೆಯಾಗುತ್ತ ಬಂದಂತೆ ಆ ಹತ್ತು ನಿಮಿಷ ಎರಡಾಗಿ, ಎರಡು ನಿಮಿಷ ಒಂದು ಅದ್ದುವಿಕೆಯಾಗಿ ಇಳಿಯುತ್ತದೆ. ಇದರಲ್ಲಿ ಯಾರ ದುಷ್ಟತನವೂ ಇಲ್ಲ, ಅವಸರ ಮಾತ್ರ. ಹತ್ತು ಡಬ್ಬಿಗಳಿದ್ದರೆ ಅದೇ ಕೆಲಸ 100 ನಿಮಿಷಗಳಲ್ಲಿ ಮುಗಿಯುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಎಷ್ಟು ದುಡ್ಡು? ಹಾರ ತುರಾಯಿಗಳ ಖರ್ಚಿನಲ್ಲಿ ಅಷ್ಟು ಉಳಿಸುವುದು ಕಷ್ಟವಲ್ಲ. ಜೊಲ್ಲು ಸೇರಿದಷ್ಟೂ, ಬಿಸಿಲು ತಾಗಿದಷ್ಟೂ ಹೈಪೋಕ್ಲೋರೈಟಿನ ಶಕ್ತಿ ಕುಂದುವುದರಿಂದ ಅದನ್ನು ಆ ದಿನವೇ ಬೆರೆಸಿ, ನಡುವೆ ಬದಲಿಸಬೇಕು. ಹರಿಯುವ ನೀರಿನ ನಲ್ಲಿ ಇಲ್ಲದ ಮಂಟಪದಲ್ಲಿ ಅಳತೆಯ ಶಿಬಿರ ಇಡಲೇಬಾರದು. ಅಂಥ ಕಡೆ ತಪಾಸಣೆ ಮಾತ್ರ ಮಾಡಿ, ಅಳತೆಗೆ ದವಾಖಾನೆಗೆ ಬಸ್ಸು ಮಾಡಿಕೊಡುವುದು ಲೇಸು. ಬಳಸಿದ ಅಚ್ಚುಗಳು ಬಸದಿಯ ಹಿತ್ತಲಿನ ಗುಂಡಿಗೆ ಬೀಳಬಾರದು. ಅವು ದವಾಖಾನೆಯ ತ್ಯಾಜ್ಯ, 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮದಂತೆ ವೈದ್ಯರೊಂದಿಗೆ ಹಿಂದಿರುಗಬೇಕಾದವು. ಟ್ರಸ್ಟಿನವರು ವೈದ್ಯಕೀಯ ಬಲ್ಲವರಾಗಬೇಕಿಲ್ಲ. “ಅಚ್ಚುಗಳನ್ನ ಎದರಾಗ ಅದ್ದತೀರಿ, ಎಷ್ಟೊತ್ತು ಇಡತೀರಿ?” ಎಂದು ಕೇಳಿದರೆ ಸಾಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಆದರೂ ಸೆಟ್ಟಿನ ಅಡಿಯ ಕೆಂಪು ಹುಣ್ಣಿಗೆಲ್ಲ ದವಾಖಾನೆಯನ್ನು ದೂರುವುದು ಸರಿಯಲ್ಲ. ಬಹುಮಟ್ಟಿಗೆ ಅಲ್ಲಿ ಬೆಳೆಯುವುದು ಅವರವರ ಬಾಯಿಯದೇ ಶಿಲೀಂಧ್ರ, ಬೆಳೆಸುವುದು ರಾತ್ರಿಯೂ ಸೆಟ್ಟನ್ನು ತೆಗೆಯದ ಅಭ್ಯಾಸ. ಈ ವಿಷಯದಲ್ಲಿ ರಾತ್ರಿಭೋಜನ ತ್ಯಾಗಿಗಳಿಗೆ ಒಂದು ಅನುಕೂಲವಿದೆ: ಸೂರ್ಯಾಸ್ತದ ಮೇಲೆ ಸೆಟ್ಟಿಗೆ ಕೆಲಸವಿಲ್ಲ. ಆದರೆ ಮುಗದದ ಅಜ್ಜಿಗೆ ಅಲ್ಲಿಯೂ ಒಂದು ತೊಡಕು ಕಂಡಿತು. ಒಣಗಿದರೆ ಸೆಟ್ಟಿನ ಆಕಾರ ಕೆಡುವುದರಿಂದ ನೀರಿನಲ್ಲಿಡಬೇಕು. ಸೋಸಿದ ನೀರಿನ ಮರ್ಯಾದೆಯಾದರೋ 48 ನಿಮಿಷ ಮಾತ್ರ. ರಾತ್ರಿಯೆಲ್ಲ ಅದೇ ನೀರಿನಲ್ಲಿಟ್ಟರೆ ಹೇಗೆ? ವೈದ್ಯರೂ ಅಜ್ಜಿಯೂ ಕೂಡಿ ಕಂಡುಕೊಂಡ ದಾರಿ ಸರಳವಾಗಿತ್ತು. ಕುದಿಸಿದ ನೀರಿಗೆ 24 ತಾಸಿನ ಮರ್ಯಾದೆ. ಅದನ್ನು ಪೂರ್ತಿ ಆರಿಸಿ ಬಳಸಬೇಕು, ಏಕೆಂದರೆ ಬಿಸಿಯಿದ್ದರೆ ಅಕ್ರಿಲಿಕ್ ಸೊಟ್ಟಾಗುತ್ತದೆ. ಸಂಜೆಯ ಊಟ ಮುಗಿದ ಮೇಲೆ ಸೆಟ್ಟನ್ನು ಮೆತ್ತನೆಯ ಬ್ರಷ್ಷು ಮತ್ತು ಸಾಬೂನಿನಿಂದ ಉಜ್ಜಿ, ಅಂಗುಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ನೀರಿನ ಮುಚ್ಚಳದ ಡಬ್ಬಿಯಲ್ಲಿಡುವುದು. ಬೆಳಗ್ಗೆ ಆ ನೀರನ್ನು ಚೆಲ್ಲಿ ಡಬ್ಬಿಯನ್ನು ಒರೆಸಿ ಬಿಸಿಲಿಗೆ ಬೋರಲು ಹಾಕುವುದು. ಮೂರು ತಿಂಗಳ ತರುವಾಯದ ತಪಾಸಣೆಯಲ್ಲಿ ಅಂಗುಳಿನ ಬಣ್ಣ ಚೆನ್ನಾಗಿತ್ತು. ಕೆಳಗಿನ ಸೆಟ್ಟು ಮಾತ್ರ ಒಂದು ಕಡೆ ಒತ್ತುತ್ತಿತ್ತು. ವೈದ್ಯರು ಅದನ್ನು ಉಜ್ಜಿ ಸರಿಪಡಿಸಿ, ತೊಳೆದು, ಹತ್ತು ನಿಮಿಷ ಡಬ್ಬಿಯಲ್ಲಿಟ್ಟು, ಮತ್ತೆ ತೊಳೆದು ಕೊಟ್ಟರು. ಅಷ್ಟು ಹೊತ್ತೂ ಅಜ್ಜಿ ಬೆಂಚಿನ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದರು.